ವ್ಯಾಯಾಮಕ್ಕೆ ಯಂತ್ರವೇ ಬೇಕೆ?

ಮದ್ದೂರು, ಮಳವಳ್ಳಿಗಳಿಂದ ಮಂಡ್ಯದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಪಿ.ಯು. ವಿದ್ಯಾರ್ಥಿಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಬಿಡುವು ಸಿಕ್ಕರೆ ಅದೇ ಹೆಚ್ಚು. ಅಷ್ಟಕ್ಕಾಗಿ ಸಾಲ ಮಾಡಿ ಟ್ರೆಡ್‌ಮಿಲ್ ತರಬೇಕೆ? ತಂದರೂ ಅದು ಬಹುಬೇಗ ಟವೆಲ್ ಒಣಹಾಕುವ ಗೂಟವಾಗುತ್ತದೆ!

ಹಳೇ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಸಾಮಿನ ಬುನಾದಿಯೇ ದಂಡ ಮತ್ತು ಬಸ್ಕಿ. ಅಲ್ಲಿ ಎತ್ತುವ ಭಾರ ಸ್ವಂತ ದೇಹದ್ದೇ. ನೆಲಕ್ಕೆ ಕೈಯೂರಿ ಮೈ ನೀಳವಾಗಿ ಚಾಚಿದಾಗ ದೇಹದ ತೂಕದ ಅರ್ಧಕ್ಕಿಂತ ಹೆಚ್ಚು ತೋಳುಗಳ ಮೇಲೆ ಬೀಳುತ್ತದೆ. 50 ಕಿಲೋ ತೂಗುವ ಹುಡುಗನಿಗೆ 25 ಕಿಲೋಗೂ ಮಿಗಿಲು. ಕಷ್ಟವೆನಿಸಿದರೆ ಗೋಡೆಗೆ ಕೈಯೂರಿ ಆರಂಭಿಸಬಹುದು. ಮೈ ನೆಟ್ಟಗಾದಷ್ಟೂ ತೋಳಿನ ಹೊರೆ ಇಳಿಯುತ್ತದೆ. ಡಂಬೆಲ್‌ಗಾದರೆ ಹೊರೆ ಬದಲಿಸಲು ಇನ್ನೊಂದು ಜೊತೆಯನ್ನೇ ಕೊಳ್ಳಬೇಕು.

ದಂಡದಲ್ಲಿ ತಳ್ಳುವ ಕೆಲಸವುಂಟು, ಎಳೆಯುವುದಿಲ್ಲ. ಬೆನ್ನಿಗೆ ಅದೂ ಬೇಕಾದ್ದರಿಂದ ಒಂದು ರಬ್ಬರ್ ಪಟ್ಟಿ ಕೊಳ್ಳುವುದು ದಂಡವಲ್ಲ. ಜೊತೆಗೊಂದು ಸ್ಕಿಪ್ಪಿಂಗ್ ಹಗ್ಗ: ನಡುವೆ ಮೆಟ್ಟಿ ನಿಂತು ಎಳೆದರೆ ತುದಿಗಳು ಕಂಕುಳಿಗೆ ಬರುವಷ್ಟು ಉದ್ದವಿರಲಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ. ಉಳಿದ ನಲವತ್ತು ನಿಮಿಷ ಎಲ್ಲಿಂದ ತರುವುದು? ಮಕ್ಕಳನ್ನು ಬಸ್ ನಿಲ್ದಾಣಕ್ಕೆ ಬೈಕಿನಲ್ಲಿ ಬಿಟ್ಟುಬರುವ ಅಪ್ಪಂದಿರು ಅದನ್ನು ನಿಲ್ಲಿಸಿ ನೋಡಲಿ. ಬಿರುಸಿನ ನಡಿಗೆಯೂ ಲೆಕ್ಕಕ್ಕುಂಟು.