ಗೀರೊಂದೇ, ಉದ್ದ ಅರ್ಧ ಕಿಲೋಮೀಟರು!

ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಎಷ್ಟು ಗೀರುಗಳಿವೆ? ನೂರಾರು ಅಂತೀರಿ. ಅಲ್ಲ ಕಣ್ರೀ, ಒಂದೇ ಒಂದು! ಅಂಚಿನಿಂದ ನಡುವಿನವರೆಗೆ ಸುತ್ತುತ್ತಾ ಹೋಗುವ ಒಂದೇ ಗೀರು. 22 ನಿಮಿಷದ ಬದಿಯಾದರೆ 700ಕ್ಕೂ ಹೆಚ್ಚು ಸುತ್ತು. ಬಿಚ್ಚಿ ನೆಟ್ಟಗೆ ಎಳೆದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರು!

ಅದನ್ನು ಕೊರೆಯುವ ಯಂತ್ರ ಯಾವುದು ಗೊತ್ತೆ? ಲೇಥು! ಹರಿಹರದವರು ಕೇಳಿದರೆ ಕುಣಿದಾಡಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥು ತಯಾರಿಸಿದ್ದು ಇದೇ ಊರಲ್ಲಿ. ಕಾರ್ಖಾನೆಯೇನೋ ಮುಚ್ಚಿತು, ಲೀಡ್ ಸ್ಕ್ರೂ ಅಂದರೇನೆಂದು ಇಲ್ಲಿನ ಹಳೇ ಟರ್ನರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ರೆಕಾರ್ಡಿನ ಲೇಥಿನಲ್ಲೂ ಅದೇ ಆಟ: ತಟ್ಟೆ ತಿರುಗುತ್ತದೆ, ಲೀಡ್ ಸ್ಕ್ರೂ ಒಂದೊಂದು ಸುತ್ತಿಗೂ ಟೂಲನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸುತ್ತದೆ. ಆದರೆ ಈ ಟೂಲು ಹಾಡಿನ ಜೊತೆ ನಡುಗುತ್ತಿರುತ್ತದೆ! ಸ್ಟೀರಿಯೋ ಆದರೆ ಇನ್ನೂ ಮಜಾ. ಗೀರಿನ ಒಳಗೋಡೆ ಎಡ ಸ್ಪೀಕರಿಗೆ, ಹೊರಗೋಡೆ ಬಲ ಸ್ಪೀಕರಿಗೆ.

ಈ ಹಾಡನ್ನು ಕಂಪ್ಯೂಟರಿನಲ್ಲಿ ಕಾಪಿಡಬೇಕಾದರೆ ಆ ನಡುಕವನ್ನು ಅಂಕಿಗಿಳಿಸಬೇಕು. ಮುಳ್ಳು ಗೀರಿನೊಳಗೆ ಓಡುತ್ತಿದ್ದರೆ ಕಂಪ್ಯೂಟರು ಸೆಕೆಂಡಿಗೆ 96,000 ಸಲ ಅದರ ಸಂಕೇತವನ್ನು ಅಳೆಯುತ್ತದೆ. ಪ್ರತಿ ಅಳತೆಗೂ ಒಂದು ಕೋಟಿ 67 ಲಕ್ಷ ಮೆಟ್ಟಿಲು! ಒಂದು ಬದಿ ಮುಗಿಯುವಷ್ಟರಲ್ಲಿ ಸುಮಾರು 760 ಎಂಬಿ. ಟಿಕ್ ಟಿಕ್ ಸದ್ದನ್ನೂ ಹಾಗೇ ಉಳಿಸಿದ ಮೂಲಪ್ರತಿ ಮೊದಲು, ತೊಳೆದು ಚೊಕ್ಕ ಮಾಡಿದ್ದು ಆಮೇಲೆ, ಬೇರೆಯಾಗಿ. ನಾಳೆ ಇನ್ನೂ ಒಳ್ಳೆಯ ಉಪಾಯ ಬಂದರೆ ಮೂಲವೇ ಬೇಕಲ್ಲ!

ಹರಿಹರದ ಪಕ್ಕದ ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕಂಪನಿ ನಾಟಕದ ಊರು. ಇಲ್ಲಿನ ಅಟ್ಟಗಳಲ್ಲಿ ರಂಗಗೀತೆಯ ಹಳೇ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆ ಸಿಕ್ಕರೆ ಹುಷಾರು: ಅದು ಎಲ್‌ಪಿಯಂತೆ ವಿನೈಲ್ ಅಲ್ಲ, ಅರಗು! ಸ್ಪಿರಿಟ್ ಹಾಕಿ ಒರೆಸಿದಿರೋ, ಹಾಡೇ ಕರಗಿತು. ಮುಳ್ಳೂ ಎಲ್‌ಪಿಯದಕ್ಕಿಂತ ಮೂರು ಪಟ್ಟು ದಪ್ಪದ್ದು ಬೇಕು. ಇಂಥ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸಲೆಂದೇ ಇತಿಹಾಸಕಾರ ವಿಕ್ರಂ ಸಂಪತ್ ಬೆಂಗಳೂರಿನಲ್ಲಿ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಕಟ್ಟಿದರು.

ತಟ್ಟೆ ಒಡೆದೇ ಹೋಗಿದ್ದರೆ? ಅದಕ್ಕೂ ದಾರಿಯಿದೆ! ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಭೌತವಿಜ್ಞಾನಿಗಳು ರೂಪಿಸಿದ ‘ಐರೀನ್’ ಯಂತ್ರ ಮುಳ್ಳನ್ನೇ ತಾಕಿಸದೆ ಗೀರಿನ ಚಿತ್ರ ತೆಗೆದು, ಆ ಚಿತ್ರದಿಂದಲೇ ಹಾಡು ಹೊರಡಿಸುತ್ತದೆ. ಚೂರಾದ ತಟ್ಟೆಗಳೂ ಅದರ ಕೈಯಲ್ಲಿ ಹಾಡಿವೆ. ಅಟ್ಟದ ಮೇಲಿನ ಚೂರುಗಳನ್ನೂ ಎಸೆಯಬೇಡಿ ಮತ್ತೆ!