ತುಳುವಿನ ಎರಡು ‘ನಾವು’

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಗೆಳೆಯನೊಬ್ಬನು ನಿಮ್ಮೊಡನೆ, “ನಾಳೆ ನಾವು ಸಾವಿರ ಕಂಬದ ಬಸದಿಗೆ ಹೋಗುತ್ತೇವೆ” ಎಂದನೆಂದು ಭಾವಿಸಿರಿ. ಆ ‘ನಾವು’ವಿನಲ್ಲಿ ನೀವು ಸೇರಿದ್ದೀರೋ ಇಲ್ಲವೋ? ಪದವೊಂದರಿಂದಲೇ ಅದು ತಿಳಿಯದು. ಸಂದರ್ಭವನ್ನು ನೋಡಿ ಊಹಿಸಬೇಕು.

ಆತನು ತುಳುವಿನಲ್ಲಿ ನುಡಿದಿದ್ದರೆ ಸಂದೇಹಕ್ಕೆ ಎಡೆಯಿರಲಿಲ್ಲ. ಕೇಳುವವನೂ ಸೇರಿದರೆ ‘ನಮ’. ಅವನನ್ನು ಬಿಟ್ಟು ತನ್ನ ಕಡೆಯವರು ಮಾತ್ರವಾದರೆ ‘ಎಂಕುಳು’. ಇದರ ರಚನೆಯನ್ನು ನಾವು ಗಮನಿಸೋಣ. ಎಂಕುಳು, ನಿಕುಳು (ನೀವು), ಅಕುಳು (ಅವರು) ಎಂಬ ಮೂರರಲ್ಲಿಯೂ ‘ಕುಳು’ ಎಂಬ ಬಹುವಚನ ಪ್ರತ್ಯಯವಿದೆ. ಅದು ಕನ್ನಡದ ‘ಗಳು’ವಿನ ಬಂಧು. ‘ನಮ’ ಮಾತ್ರ ಈ ಸಾಲಿಗೆ ಸೇರದು. ಗಣಿತದ ರೀತಿಯಲ್ಲಿ ಹೇಳುವುದಾದರೆ, ಎಂಕುಳು ಮತ್ತು ನಿಕುಳು ಕೂಡಿದರೆ ನಮ!

ತಮಿಳಿನ ‘ನಾಮ್, ನಾಂಗಳ್’, ತೆಲುಗಿನ ‘ಮನಮು, ಮೇಮು’ಗಳಲ್ಲಿಯೂ ಇದೇ ಭೇದವುಂಟು. ಇಂದಿನ ಕನ್ನಡದ ‘ನಾವು’ವಿನಲ್ಲಿ ಅದು ಉಳಿದಿಲ್ಲ.

ಬಂಟ್ವಾಳ, ಬೆಳ್ತಂಗಡಿಗಳ ಪೇಟೆಗಳಲ್ಲಿ ಕೊಂಕಣಿ, ಬ್ಯಾರಿ ಮನೆಮಾತಿನವರೂ ತುಳುವಿನಲ್ಲಿ ವ್ಯವಹರಿಸುವುದುಂಟು. 2011ರ ಜನಗಣತಿಯಂತೆ ತುಳು ಮಾತೃಭಾಷೆಯವರು 18,46,427 ಮಂದಿ. ಆಡುಮಾತಿಗೆ ವ್ಯಾಕರಣವೆಲ್ಲಿಯದು ಎನ್ನುವವರಿಗೆ, ಬ್ರಿಗೆಲ್ ಪಾದ್ರಿಯವರು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ತುಳು ವ್ಯಾಕರಣವೇ ಉತ್ತರ. ಆದರೆ ಇಂತಹ ಸೂಕ್ಷ್ಮಭೇದವನ್ನು ಜೀವಂತವಾಗಿರಿಸುವುದು ಗ್ರಂಥವಲ್ಲ, ಆಡುವ ನಾಲಿಗೆ. ಮನೆಯಲ್ಲಿ ತುಳು ನಿಂತರೆ ಅದೂ ನಿಂತಂತೆಯೇ.

ವಿದ್ಯಾರ್ಥಿ ಮಿತ್ರರೇ, ಒಂದು ಪ್ರಯೋಗವನ್ನು ಮಾಡಿರಿ. ಇಂದು ಸಂಜೆ ಹಿರಿಯರ ತುಳು ಮಾತನ್ನು ಆಲಿಸಿ, ‘ನಮ’ ಎಷ್ಟು ಸಲ, ‘ಎಂಕುಳು’ ಎಷ್ಟು ಸಲ ಬಂದಿತೆಂದು ಎಣಿಸಿರಿ. ಬಳಿಕ ನಿಮ್ಮ ಮಾತನ್ನೂ ಹಾಗೆಯೇ ಪರೀಕ್ಷಿಸಿರಿ.