‘ಸರ್ವರ್ ಡೌನ್’ ಎಂದಾಗ ನಿಜವಾಗಿ ಡೌನ್ ಆಗಿರುವುದು ಏನು?

ಎಚ್.ಡಿ. ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟ್‌ನಲ್ಲಿ ಒಂದು ಕಂಪ್ಯೂಟರ್ ಸೆಂಟರ್. ಜೆರಾಕ್ಸ್, ಫೋಟೊ, ಆನ್‌ಲೈನ್ ಅರ್ಜಿ ಎಲ್ಲವೂ ಅಲ್ಲೇ. ನಾವು ಅಲ್ಲಿ ನಿಂತಿದ್ದಾಗ ಒಬ್ಬ ಹಿರಿಯರು ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಬಂದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಹುಡುಗ ಮೂರು ನಾಲ್ಕು ಸಲ ರಿಫ್ರೆಶ್ ಒತ್ತಿ, ಕೊನೆಗೆ ಕೈಚೆಲ್ಲಿದ. “ಸರ್ವರ್ ಡೌನು ಯಜಮಾನ್ರೇ, ನಾಳೆ ಬನ್ನಿ.” ಅವರು ಚೀಲ ಮಡಚಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: “ನಾಳೆನೂ ಡೌನ್ ಇದ್ರೆ?”

ಹುಡುಗನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಪಡಿತರ ಅಂಗಡಿ, ನಾಡಕಚೇರಿ, ಬ್ಯಾಂಕು ಎಲ್ಲಿ ಹೋದರೂ ಕೇಳುವ ಈ ಎರಡು ಪದಗಳನ್ನು ನಾವು ಮಳೆ, ಕರೆಂಟಿನ ಹಾಗೆ ನಮ್ಮ ಕೈಯಲ್ಲಿಲ್ಲದ ಸಂಗತಿ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಕೆಲವೊಮ್ಮೆ ಅರ್ಜಿಯ ಕೊನೆಯ ದಿನವೇ ಇದರಲ್ಲಿ ಹೋಗುತ್ತದೆ. ಹಾಗಾಗಿ ಈ ಮಾತು ಎಷ್ಟು ನಿಜ ಎಂದು ನೋಡೋಣ ಅನ್ನಿಸಿತು.

ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಸರ್ವರ್ ಕೆಲವೊಮ್ಮೆ ನಿಜಕ್ಕೂ ಬಿದ್ದಿರುತ್ತದೆ. ಆದರೆ ಚಕ್ರ ತಿರುಗುತ್ತಾ ನಿಂತ ಎಷ್ಟೋ ಸಲ ಅದು ಬದುಕಿರುತ್ತದೆ, ಒಳಗೆ ಯಾವುದೋ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಸಿಕ್ಕಿಕೊಂಡಿರುತ್ತದೆ. ಅಂಥ ತೊಂದರೆಗೆ ಹೊಸ ಯಂತ್ರ ಬೇಕಾಗುವುದು ಕಡಿಮೆ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ತಾಳ್ಮೆ ಬೇಕು.

ಪರದೆಯ ಹಿಂದೆ ಏನಿದೆ?

ನೀವು ಗುಂಡಿ ಒತ್ತಿದಾಗ ನಿಮ್ಮ ಕೋರಿಕೆ ಮೂರು ಹಂತ ದಾಟಬೇಕು. ಮೊದಲು ಊರಿನ ನೆಟ್‌ವರ್ಕ್. ಆಮೇಲೆ ಪುಟವನ್ನು ತೋರಿಸುವ ವೆಬ್ ಸರ್ವರ್. ಅದರ ಹಿಂದೆ ದಾಖಲೆಗಳು ಕೂತಿರುವ ಡೇಟಾಬೇಸ್. ಮೂರರಲ್ಲಿ ಯಾವುದು ಕೈಕೊಟ್ಟರೂ ಕೌಂಟರಿನಲ್ಲಿ ಬರುವ ಮಾತು ‘ಸರ್ವರ್ ಡೌನ್’ ಎಂಬುದೊಂದೇ.

ಕರ್ನಾಟಕದಲ್ಲಿ ಈ ಡೇಟಾಬೇಸ್ ಎಂಬುದು ಸಣ್ಣ ಸಂಗತಿಯಲ್ಲ. 2000ದ ಆಸುಪಾಸಿನಲ್ಲಿ ಶುರುವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ಅಲ್ಲಿಯವರೆಗೆ ಅವು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ಪಡೆಯುವುದು ಅಂದಿಗೆ ದೊಡ್ಡ ಬದಲಾವಣೆ. ಲೆಕ್ಕಿಗರು ಊರಲ್ಲಿಲ್ಲ ಎಂಬ ಕಾಲ ಹೋಯಿತು, ಸರ್ವರ್ ಇಲ್ಲ ಎಂಬ ಕಾಲ ಬಂತು.

ಮುಂದಿನ ವಿವರಣೆಗೆ ನಾವು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅದು ಉಚಿತ, ಕಾಲೇಜು ವಿದ್ಯಾರ್ಥಿಯೂ ತನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಇವನ್ನೆಲ್ಲ ಪರೀಕ್ಷಿಸಿ ನೋಡಬಹುದು. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಬೇರೆ ಡೇಟಾಬೇಸ್‌ಗಳ ತತ್ತ್ವವೂ ಇದೇ. (ಹೆಸರಿನಲ್ಲಿರುವ ‘ಮೈ’ ಮೈಸೂರಿನದ್ದಲ್ಲ. 1995ರಲ್ಲಿ ಇದನ್ನು ಹೊರತಂದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅವರ ಮಗಳ ಹೆಸರು ಅದು.)

ಕೈಮರ ಇಲ್ಲದ ದಾರಿ

‘ಹ್ಯಾಂಡ್‌ಪೋಸ್ಟ್’ ಎಂದರೆ ಕೈಮರ. ಕವಲು ದಾರಿಯಲ್ಲಿ ನಿಂತು, ಯಾವ ಊರು ಯಾವ ಕಡೆ ಎಂದು ತೋರಿಸುವ ಕಂಬ. ಡೇಟಾಬೇಸ್‌ನಲ್ಲೂ ಇಂಥದೇ ಒಂದು ವ್ಯವಸ್ಥೆ ಇದೆ, ಅದಕ್ಕೆ ಇಂಡೆಕ್ಸ್ ಎನ್ನುತ್ತಾರೆ.

2 ಕೋಟಿ ಸಾಲುಗಳಿರುವ ಪಟ್ಟಿಯಲ್ಲಿ ಒಂದು ಸರ್ವೆ ನಂಬರ್ ಹುಡುಕಬೇಕು ಎನ್ನಿ. ಇಂಡೆಕ್ಸ್ ಇಲ್ಲದಿದ್ದರೆ ಡೇಟಾಬೇಸ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಓದುತ್ತದೆ. ಇಂಡೆಕ್ಸ್ ಇದ್ದರೆ ಕಥೆಯೇ ಬೇರೆ. ಮೈಎಸ್‌ಕ್ಯೂಎಲ್ ತನ್ನ ಮಾಹಿತಿಯನ್ನು 16 ಕೆಬಿಯ ಪುಟಗಳಲ್ಲಿ ಇಡುತ್ತದೆ. ಇಂಡೆಕ್ಸಿನ ಒಂದು ಪುಟದಲ್ಲಿ 500 ದಾರಿಗಳ ಗುರುತಿದೆ ಎಂದುಕೊಳ್ಳಿ. ಒಂದು ಪುಟದಿಂದ 500, ಎರಡನೇ ಹಂತದಲ್ಲಿ 2.5 ಲಕ್ಷ, ಮೂರನೇ ಹಂತಕ್ಕೆ 12.5 ಕೋಟಿ. ಅಂದರೆ ಮೂರು ನಾಲ್ಕು ಕೈಮರ ದಾಟಿದರೆ 2 ಕೋಟಿಯಲ್ಲಿ ಬೇಕಾದ ಸಾಲು ಸಿಗುತ್ತದೆ.

ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದಂತೆ ಮಾಡುವುದೂ ಸುಲಭ, ನಮಗೆ ಬಹಳ ಕುತೂಹಲ ಹುಟ್ಟಿಸಿದ್ದು ಇದೇ. ಸರ್ವೆ ನಂಬರ್ ‘45/2ಎ’ ಎಂಬಂತೆ ಇರುವುದರಿಂದ ಅದನ್ನು ಅಕ್ಷರ ರೂಪದಲ್ಲಿ ಇಟ್ಟಿರಬೇಕಾಗುತ್ತದೆ. ಪ್ರೋಗ್ರಾಂ ಬರೆದವರು ಹುಡುಕುವಾಗ ಉದ್ಧರಣ ಚಿಹ್ನೆ ಮರೆತು ಬರೀ 45 ಎಂಬ ಅಂಕಿ ಕೊಟ್ಟರೆ ಏನಾಗುತ್ತದೆ? ಮೈಎಸ್‌ಕ್ಯೂಎಲ್ ತಪ್ಪು ಎನ್ನುವುದಿಲ್ಲ. ಪ್ರತಿಯೊಂದು ಸಾಲಿನ ಅಕ್ಷರವನ್ನೂ ಅಂಕಿಗೆ ಬದಲಾಯಿಸಿ ಹೋಲಿಸಲು ಕೂರುತ್ತದೆ. ಆಗ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ‘45/1’, ‘45/2ಎ’, ‘45/3’ ಎಲ್ಲವೂ ಅದರ ಲೆಕ್ಕದಲ್ಲಿ 45 ಆಗಿ, ಅಕ್ಕಪಕ್ಕದವರ ಹಿಸ್ಸೆಗಳೂ ಉತ್ತರದಲ್ಲಿ ಬಂದು ಕೂರುತ್ತವೆ. ಎರಡು ಸಣ್ಣ ಚಿಹ್ನೆ ಬಿಟ್ಟುಹೋದದ್ದಕ್ಕೆ ನಿಧಾನವೂ ಆಯಿತು, ತಪ್ಪೂ ಆಯಿತು.

ಇದನ್ನು ಕಂಡುಹಿಡಿಯುವುದು ಕಷ್ಟವೇನಲ್ಲ. ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್’ ಎಂದು ಸೇರಿಸಿದರೆ ಡೇಟಾಬೇಸ್ ತಾನು ಯಾವ ದಾರಿ ಹಿಡಿಯುತ್ತೇನೆ ಎಂದು ಹೇಳುತ್ತದೆ. ‘ಟೈಪ್’ ಎಂಬ ಕಡೆ ‘ಆಲ್’ ಎಂದಿದ್ದರೆ ಇಡೀ ಪಟ್ಟಿ ಓದುತ್ತಿದೆ ಎಂದರ್ಥ. ನಿಧಾನವಾದ ಪ್ರಶ್ನೆಗಳನ್ನೆಲ್ಲ ಬರೆದಿಡುವ ‘ಸ್ಲೋ ಕ್ವೆರಿ ಲಾಗ್’ ಕೂಡ ಇದೆ. ಬೇಸರದ ಸಂಗತಿ ಎಂದರೆ ಮೈಎಸ್‌ಕ್ಯೂಎಲ್ ಹಾಕಿಕೊಂಡಾಗ ಅದು ಆಫ್ ಆಗಿರುತ್ತದೆ. ಆನ್ ಮಾಡಿದರೂ, ನಾವು ಬದಲಾಯಿಸುವವರೆಗೆ, 10 ಸೆಕೆಂಡು ಮೀರಿದ್ದನ್ನು ಮಾತ್ರ ಬರೆಯುತ್ತದೆ. 9 ಸೆಕೆಂಡಿನ ಪ್ರಶ್ನೆ ದಿನಕ್ಕೆ ಸಾವಿರ ಸಲ ಬಂದರೂ ಅದರ ಸುಳಿವು ಅಲ್ಲಿ ಸಿಗದು.

ರಿಫ್ರೆಶ್ ಒತ್ತುತ್ತಿದ್ದರೆ ಬೇಗ ಬರುತ್ತದೆಯೇ?

ಹೆಚ್ಚಾಗಿ ಇಲ್ಲ, ಇನ್ನೂ ತಡವಾಗುತ್ತದೆ. ಮೈಎಸ್‌ಕ್ಯೂಎಲ್ ಒಂದೇ ಸಮಯಕ್ಕೆ ಇಷ್ಟೇ ಸಂಪರ್ಕ ಎಂದು ಮಿತಿ ಇಟ್ಟುಕೊಂಡಿದೆ. ಯಾರೂ ಬದಲಾಯಿಸದಿದ್ದರೆ ಅದು 151. ಇದನ್ನು 151 ಕೌಂಟರುಗಳಿರುವ ಕಚೇರಿ ಎಂದುಕೊಳ್ಳಿ. ಒಂದು ಪ್ರಶ್ನೆಗೆ 0.05 ಸೆಕೆಂಡು ಸಾಕಾದರೆ, ಕಾಗದದ ಮೇಲಿನ ಲೆಕ್ಕಕ್ಕೆ, ಸೆಕೆಂಡಿಗೆ 3,020 ಜನರ ಕೆಲಸ ಮುಗಿಯುತ್ತದೆ. ಅದೇ ಪ್ರಶ್ನೆಗೆ ಇಂಡೆಕ್ಸ್ ತಪ್ಪಿ 5 ಸೆಕೆಂಡು ಹಿಡಿದರೆ ಸೆಕೆಂಡಿಗೆ 30 ಜನ. ಬಂದ ಜನ ಅಷ್ಟೇ, ಯಂತ್ರವೂ ಅದೇ. ಹೊರಗಿನಿಂದ ನೋಡಿದವರಿಗೆ ಮಾತ್ರ ‘ಲೋಡ್ ಜಾಸ್ತಿ ಆಗಿದೆ’ ಎಂದು ಕಾಣುತ್ತದೆ.

ಹ್ಯಾಂಡ್‌ಪೋಸ್ಟಿನ ಹುಡುಗ ರಿಫ್ರೆಶ್ ಒತ್ತಿದಾಗ ಅವನ ಮೊದಲ ಕೋರಿಕೆ ಸಾಮಾನ್ಯವಾಗಿ ರದ್ದಾಗಿರುವುದಿಲ್ಲ. ಬ್ರೌಸರ್ ಕಾಯುವುದನ್ನು ಬಿಟ್ಟಿತು, ಅಷ್ಟೇ. ಡೇಟಾಬೇಸ್ ಒಳಗೆ ಆ ಹುಡುಕಾಟ ನಡೆಯುತ್ತಲೇ ಇರುತ್ತದೆ. ನಾಲ್ಕು ಸಲ ಒತ್ತಿದರೆ ಒಬ್ಬನೇ ಮನುಷ್ಯ ನಾಲ್ಕು ಕೌಂಟರ್ ಹಿಡಿದು ನಿಂತ ಹಾಗೆ. ಇದನ್ನೇ ಜಿಲ್ಲೆಯ ಎಲ್ಲ ಸೆಂಟರ್‌ಗಳಲ್ಲೂ ಮಾಡಿದರೆ ‘ಟೂ ಮೆನಿ ಕನೆಕ್ಷನ್ಸ್’ ಎಂಬ 1040ನೇ ನಂಬರಿನ ದೋಷ ಬರಲು ತಡವಿಲ್ಲ. ಹಾಗೆಂದು ಆ ಹುಡುಗನನ್ನು ಬೈಯಬೇಕಿಲ್ಲ. ಒಂದೇ ಕೋರಿಕೆ ಮತ್ತೆ ಮತ್ತೆ ಬಂದರೆ ತಡೆಯುವುದು ಪ್ರೋಗ್ರಾಂ ಬರೆದವರ ಕೆಲಸ.

ಮಲಗಿದವನ ಕೈಯಲ್ಲಿ ಬೀಗದಕೈ

ಇನ್ನೊಂದು ಬಗೆಯ ತೊಂದರೆ ಬೀಗದ್ದು. ಖಾತೆ ಬದಲಾವಣೆಯಂಥ ಕೆಲಸದಲ್ಲಿ ಒಂದು ಸಾಲನ್ನು ತಿದ್ದುವಾಗ ಡೇಟಾಬೇಸ್ ಆ ಸಾಲಿಗೆ ಬೀಗ ಹಾಕುತ್ತದೆ. ಓದುವವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಅದೇ ಸಾಲನ್ನು ತಿದ್ದಲು ಬಂದ ಇನ್ನೊಬ್ಬರು ಕಾಯಬೇಕು, 50 ಸೆಕೆಂಡು ಕಾದರೂ ಸಿಗದಿದ್ದರೆ ದೋಷ ಬರುತ್ತದೆ. ಇಬ್ಬರೂ ಒಂದೇ ಪಹಣಿಗೆ ಕೈಹಾಕದಂತೆ ನೋಡಿಕೊಳ್ಳುವ ಈ ಬೀಗ ಬೇಕಾದದ್ದೇ.

ತೊಂದರೆ ಆಗುವುದು ಬೀಗ ಹಾಕಿದ ಪ್ರೋಗ್ರಾಂ ಕೆಲಸ ಮುಗಿಯಿತು ಎಂದು ಹೇಳದೆ ಸುಮ್ಮನಾದಾಗ. ‘ಶೋ ಪ್ರೊಸೆಸ್‌ಲಿಸ್ಟ್’ ಎಂಬ ಆಜ್ಞೆ ಕೊಟ್ಟರೆ ಆಗ ಒಳಗೆ ಯಾರು ಏನು ಮಾಡುತ್ತಿದ್ದಾರೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಕಾಯುತ್ತಿರುವ ಹತ್ತಾರು ಜನ ಎದ್ದು ಕಾಣುತ್ತಾರೆ. ಕಾಯಿಸುತ್ತಿರುವವನ ಎದುರು ಮಾತ್ರ ‘ಸ್ಲೀಪ್’ ಎಂದಿರುತ್ತದೆ. ಪಟ್ಟಿಯಲ್ಲಿ ಅತ್ಯಂತ ನಿರುಪದ್ರವಿಯಾಗಿ ಕಾಣುವವನೇ ಬೀಗದಕೈ ಜೇಬಿನಲ್ಲಿಟ್ಟು ಮಲಗಿದ್ದಾನೆ! ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ತಾನಾಗಿ ಕಡಿಯುವುದು 28,800 ಸೆಕೆಂಡಿನ ಮೇಲೆ, ಅಂದರೆ 8 ಗಂಟೆ. ಬೆಳಿಗ್ಗೆ 10ಕ್ಕೆ ಮಲಗಿದರೆ ಸಂಜೆ 6. ಕಚೇರಿ ಬಾಗಿಲು ಹಾಕುವ ಹೊತ್ತು.

ಹಾಗಾದರೆ ರೀಸ್ಟಾರ್ಟ್ ಮಾಡಿದರೆ ಆಯಿತಲ್ಲ?

ಮಾಡಿದರೆ ಬೀಗ ಬಿಡುತ್ತದೆ, ಸರತಿ ಖಾಲಿಯಾಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಯಾರು ಮಲಗಿದ್ದರು, ಯಾವ ಪ್ರಶ್ನೆ ಸಿಕ್ಕಿಕೊಂಡಿತ್ತು ಎಂಬ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ಕಾರಣ ತಿಳಿಯದೆ ಉಳಿದದ್ದರಿಂದ ನಾಳೆಯೂ ಅದೇ ಆಗುತ್ತದೆ. ಜೊತೆಗೆ, ಪದೇ ಪದೇ ಬೇಕಾಗುವ ಪುಟಗಳನ್ನು ಡೇಟಾಬೇಸ್ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ರೀಸ್ಟಾರ್ಟ್ ಆದ ಮೇಲೆ ಅವನ್ನು ಮತ್ತೆ ಡಿಸ್ಕಿನಿಂದ ತುಂಬಿಸಿಕೊಳ್ಳಬೇಕು, ಹಾಗಾಗಿ ಮೊದಮೊದಲು ಇನ್ನೂ ನಿಧಾನ. ಗೊತ್ತಿರುವವರು ಮೊದಲು ಆ ಪಟ್ಟಿಯನ್ನು ಉಳಿಸಿಕೊಂಡು, ತಪ್ಪಿತಸ್ಥ ಸಂಪರ್ಕ ಒಂದನ್ನೇ ‘ಕಿಲ್’ ಆಜ್ಞೆಯಿಂದ ಕಡಿಯುತ್ತಾರೆ. 151 ಸಂಪರ್ಕವೂ ತುಂಬಿದ್ದರೆ ಒಳಗೆ ಹೋಗುವುದು ಹೇಗೆ ಎಂದು ಕೇಳಬಹುದು. ಆಡಳಿತಗಾರರಿಗಾಗಿಯೇ ಮೈಎಸ್‌ಕ್ಯೂಎಲ್ 152ನೆಯದೊಂದನ್ನು ಯಾವಾಗಲೂ ಖಾಲಿ ಇಟ್ಟಿರುತ್ತದೆ.

ನಿಜಕ್ಕೂ ಹೊರಗಿನ ಒತ್ತಡ ಇರುವ ದಿನಗಳೂ ಉಂಟು. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ತಾಣ ತಡವರಿಸಿದ್ದು ನೆನಪಿರಬಹುದು, ಒಂದೇ ದಿನ ರಾಜ್ಯವೇ ಬಾಗಿಲಿಗೆ ಬಂದಿತ್ತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಕುಂಟಿದ್ದು ಡಿಡಿಒಎಸ್ ದಾಳಿಯಿಂದ, ಅಂದರೆ ಸುಳ್ಳು ಕೋರಿಕೆಗಳನ್ನು ರಾಶಿ ಸುರಿದು ನಿಜವಾದ ಜನರಿಗೆ ಜಾಗ ಇಲ್ಲದಂತೆ ಮಾಡಿದ್ದರಿಂದ ಎಂದು ಸರ್ಕಾರ ಹೇಳಿತು. ಇಂಥ ದಿನ ಬರೀ ಇಂಡೆಕ್ಸ್ ಹಾಕಿದರೆ ಸಾಲದು.

‘ದಾಖಲೆ ಸಿಗಲಿಲ್ಲ’ ಎಂದರೆ ದಾಖಲೆ ಇಲ್ಲವೇ?

ಅದೂ ಹಾಗಲ್ಲ. ‘ಹ್ಯಾಂಡ್‌ಪೋಸ್ಟ್’ ಎಂಬ ಹೆಸರನ್ನೇ ನೋಡಿ. ‘ಡ್’ ಕೆಳಗೆ ಒತ್ತಕ್ಷರ ಬರದಂತೆ ಬಿಡಿಸಿ ಬರೆಯಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಒಬ್ಬರು ಅದನ್ನು ಹಾಕಿ ‘ಹ್ಯಾಂಡ್‌ಪೋಸ್ಟ್’ ಎಂದು ತುಂಬಿಸಿರುತ್ತಾರೆ, ಹುಡುಕುವವರು ಹಾಕದೆ ‘ಹ್ಯಾಂಡ್ಪೋಸ್ಟ್’ ಎಂದು ಹೊಡೆಯುತ್ತಾರೆ. ಅಕ್ಷರಗಳನ್ನು ಹೇಗೆ ಹೋಲಿಸಬೇಕು ಎಂಬ ‘ಕೊಲೇಷನ್’ ನಿಯಮ ಹಳೆಯದಾಗಿದ್ದರೆ ಮೈಎಸ್‌ಕ್ಯೂಎಲ್‌ಗೆ ಇವು ಎರಡು ಬೇರೆ ಊರು. 8.0 ಆವೃತ್ತಿಯಿಂದ ತಾನಾಗಿ ಬರುವ ನಿಯಮ ಈ ಕಾಣದ ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನು ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಕನ್ನಡ ಹಿಡಿಸದ ಹಳೆಯ ಅಕ್ಷರ ವ್ಯವಸ್ಥೆಯ ಮೂಲಕ ಅದು ಎಲ್ಲೋ ಹಾದುಬಂದಿದೆ ಎಂದರ್ಥ. ತೋರಿಸುವಾಗ ಹಾಗಾಗಿದ್ದರೆ ಸರಿಪಡಿಸಬಹುದು. ಉಳಿಸುವಾಗಲೇ ಹಾಗಾಗಿದ್ದರೆ ಮೂಲ ಅಕ್ಷರ ಹೋಯಿತು, ಕಾಗದ ನೋಡಿ ಮತ್ತೆ ತುಂಬಬೇಕು.

ಕೌಂಟರಿನ ಈಚೆ ನಿಂತವರು ಏನು ಮಾಡಬಹುದು?

ಡೇಟಾಬೇಸ್ ರಿಪೇರಿ ನಮ್ಮ ನಿಮ್ಮ ಕೆಲಸವಲ್ಲ. ಆದರೂ ಎಲ್ಲಿ ನಿಂತಿದೆ ಎಂದು ಸ್ವಲ್ಪಮಟ್ಟಿಗೆ ಗುರುತಿಸಬಹುದು. ಬೇರೆ ಯಾವ ತಾಣವೂ ತೆರೆಯದಿದ್ದರೆ ತೊಂದರೆ ಊರಿನ ನೆಟ್‌ವರ್ಕಿನದ್ದು, ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಬಹುದು. 504 ಎಂಬ ಸಂಖ್ಯೆ ಬಂದರೆ ಮುಂದಿನ ಸರ್ವರ್ ಬದುಕಿದೆ, ಹಿಂದಿನದಕ್ಕಾಗಿ ಕಾದು ಸಾಕಾಗಿದೆ. ಆಗ ರಿಫ್ರೆಶ್ ಒತ್ತದೆ ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು. ‘ದಾಖಲೆ ಇಲ್ಲ’ ಎಂದರೆ ಹೆಸರು ಬಿಟ್ಟು ಸರ್ವೆ ನಂಬರಿನಿಂದ ಹುಡುಕಿಸಿ.

ನಾವು ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಸಕಾಲ ಕಾಯ್ದೆಯಡಿ ಸೇವೆಗೆ ಇಷ್ಟು ದಿನ ಎಂಬ ಗಡುವಿದೆ, ತಡವಾದರೆ ಮೇಲ್ಮನವಿ ಹಾಕಬಹುದು. ಆದರೆ ಆ ಗಡಿಯಾರ ಶುರುವಾಗುವುದು ಅರ್ಜಿ ದಾಖಲಾಗಿ ಸಕಾಲ ಸಂಖ್ಯೆ ಕೈಗೆ ಬಂದ ಮೇಲೆ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದು ವಾಪಸ್ ಕಳಿಸಿದ ದಿನಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಹಾಗಾಗಿ ಪರದೆಯ ಫೋಟೊ ತೆಗೆದುಕೊಳ್ಳಿ. ದೋಷದ ಸಂಖ್ಯೆ, ದಿನಾಂಕ, ಗಂಟೆ ನಿಮಿಷ ಸಹಿತ. ಕೊನೆಯ ದಿನ ತಪ್ಪಿದರೆ ತೋರಿಸಲು ಇರುವ ಆಧಾರ ಅದು. ಜನಸ್ಪಂದನದ 1902ಕ್ಕೆ ದೂರು ಕೊಡುವಾಗಲೂ ‘ಸರ್ವರ್ ಇರಲಿಲ್ಲ’ ಎನ್ನುವುದಕ್ಕಿಂತ ‘ಇಂಥ ದಿನ 11 ಗಂಟೆ 20 ನಿಮಿಷಕ್ಕೆ 504 ಬಂತು’ ಎಂದರೆ, ಲಾಗ್ ತೆರೆದು ಆ ನಿಮಿಷದಲ್ಲಿ ಯಾವ ಪ್ರಶ್ನೆ ಸಿಕ್ಕಿಕೊಂಡಿತ್ತು ಎಂದು ಹುಡುಕಲು ಸಾಧ್ಯ.

ಹ್ಯಾಂಡ್‌ಪೋಸ್ಟಿನ ಆ ಹಿರಿಯರ ಬಳಿ ಇದ್ದದ್ದು ಕೀಪ್ಯಾಡ್ ಫೋನು. ಸೆಂಟರಿನ ಹುಡುಗ ತನ್ನ ಮೊಬೈಲಿನಲ್ಲೇ ಪರದೆಯ ಫೋಟೊ ತೆಗೆದು, ಒಂದು ಪ್ರಿಂಟ್ ಹಾಕಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.